ಐದು ಮೀಟರ್ ಸ್ಟೀಲ್ ಟೇಪ್, ಜೊತೆಗೆ ಅದರ ನೆಂಟ ಟೇಪುಗಳು

ಮನೆಯಲ್ಲಿ "ಟೇಪ್ ಕೊಡು" ಅಂದರೆ "ಯಾವುದು?" ಅಂತ ಕೇಳುತ್ತಾರೆ. ಅಳೆಯುವುದು, ಅಂಟಿಸುವುದು, ವೈರಿಗೆ ಸುತ್ತುವುದು, ನಲ್ಲಿಗೆ ಸುತ್ತುವುದು, ಎಲ್ಲಕ್ಕೂ ಒಂದೇ ಹೆಸರು. ಸಣ್ಣಪುಟ್ಟ ಮರಗೆಲಸ, ರಿಪೇರಿ ನಾನೇ ಮಾಡಿಕೊಳ್ಳುವುದರಿಂದ ಇವೆಲ್ಲ ನನಗೆ ಬೇಕೇ ಬೇಕು. ಆದರೆ ಜಾಸ್ತಿ ಹೇಳಬೇಕಿರುವುದು ಅಳತೆಯ ಟೇಪಿನ ಬಗ್ಗೆ. ನನ್ನದು 5 ಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಸ್ಟೀಲ್ ಟೇಪ್.

ಮೊದಲು ನೋಡಬೇಕಾದದ್ದು ತುದಿಯ ಕೊಕ್ಕೆ. ಅದು ಸ್ವಲ್ಪ ಅಲ್ಲಾಡುತ್ತದೆ. ಸಡಿಲವಾಗಿದೆ, ಮಾಲು ಸರಿಯಿಲ್ಲ ಅಂತ ವಾಪಸ್ ಕೊಡುವವರಿದ್ದಾರೆ. ಹಾಗೆ ಮಾಡಬೇಡಿ. ಅದು ಬೇಕೆಂದೇ ಮಾಡಿದ್ದು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಹೊರಗೆ ಬರುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ. ಎಷ್ಟು ಅಂದರೆ, ಸರಿಯಾಗಿ ಕೊಕ್ಕೆಯ ದಪ್ಪದಷ್ಟು. ಅದಕ್ಕೇ ಎರಡೂ ರೀತಿಯಲ್ಲಿ ಅಳತೆ ಸರಿಬರುತ್ತದೆ. ಇದನ್ನು ಯೋಚಿಸಿದವರ ತಲೆಗೆ ನಿಜಕ್ಕೂ ಕೈಮುಗಿಯಬೇಕು! ಟೇಪನ್ನು ರಪ್ಪನೆ ಒಳಗೆ ಬಿಟ್ಟರೆ ಈ ಕೊಕ್ಕೆ ಬಾಗುತ್ತದೆ, ಆಮೇಲೆ ಪ್ರತಿ ಅಳತೆಯೂ ತಪ್ಪು. ಬೆರಳಲ್ಲಿ ತಡೆದು ನಿಧಾನವಾಗಿ ಬಿಡಿ. ಬಾಗಿದೆಯಾ ಅಂತ ಅನುಮಾನ ಬಂದರೆ 10 ಸೆಂಟಿಮೀಟರ್ ಗೆರೆಯಿಂದ ಅಳೆದು, ಬಂದದ್ದರಲ್ಲಿ 10 ಕಳೆದು ನೋಡಿ.

ಪಟ್ಟಿಯ ಮೇಲೆ ರೋಮನ್ ಅಂಕಿಯಲ್ಲಿ ಎರಡು ಅಂತ ಇದೆ. ಅದು ನಿಖರತೆಯ ದರ್ಜೆ. ಈ ದರ್ಜೆಯಲ್ಲಿ 5 ಮೀಟರಿಗೆ 1.3 ಮಿಲಿಮೀಟರ್ ಆಚೀಚೆ ಆಗಬಹುದು. ಒಂದನೇ ದರ್ಜೆಯದಾದರೆ 0.6 ಮಾತ್ರ. ಶೆಲ್ಫು, ಪರದೆಗೆಲ್ಲ ಎರಡನೇದು ಧಾರಾಳ ಸಾಕು. ಪಟ್ಟಿ ಕೊಂಚ ಬಾಗಿರುವುದರಿಂದ ಒಬ್ಬರೇ ನಿಂತು ಮುಂದಕ್ಕೆ ಚಾಚಿದರೂ ಒಂದಷ್ಟು ದೂರ ಮುರಿಯದೆ ನಿಲ್ಲುತ್ತದೆ. ಡಬ್ಬಿಯ ಉದ್ದವನ್ನು ಅದರ ಮೇಲೇ ಅಚ್ಚು ಹಾಕಿದ್ದಾರೆ. ಕಿಟಕಿಯ ಒಳಗಿನ ಅಗಲ ಅಳೆಯುವಾಗ ಅದನ್ನು ಕೂಡಿಸಿಕೊಂಡರಾಯಿತು, ಟೇಪನ್ನು ಮೂಲೆಯಲ್ಲಿ ಮಡಚಿ ಅಂದಾಜು ಮಾಡುವ ಕಷ್ಟ ಇಲ್ಲ.

ಬೇಜಾರಿನ ವಿಷಯ ಲಾಕಿನದು. ಪೂರ್ತಿ ಎಳೆದು ಲಾಕ್ ಹಾಕಿದರೆ ಮೆಲ್ಲಗೆ ಒಳಗೆ ಜಾರುತ್ತದೆ. ಕೆಲಸದ ನಡುವೆ ಇದು ಸಿಟ್ಟು ತರಿಸುತ್ತದೆ, ಮಾಡುವವರು ಸರಿಪಡಿಸಲೇಬೇಕು. ಹೆಬ್ಬೆರಳು ತಾಗುವ ಜಾಗದಲ್ಲಿ ಅಂಕಿಗಳೂ ಮಾಸುತ್ತಿವೆ.

ಇದಕ್ಕೆ ತಕ್ಕ ಜೊತೆ ಮಾಸ್ಕಿಂಗ್ ಟೇಪ್. ಗೋಡೆಗೆ ಅಂಟಿಸಿ ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಬಣ್ಣ ಹಾಳಾಗುವುದಿಲ್ಲ. ಬಹಳ ದಿನ ಬಿಡಬೇಡಿ, ಗೋಂದು ಉಳಿದುಬಿಡುತ್ತದೆ. ಇನ್ಸುಲೇಷನ್ ಟೇಪನ್ನು ಡ್ರಿಲ್ ಬಿಟ್ಟಿಗೆ ಸುತ್ತಿಕೊಂಡರೆ ಎಷ್ಟು ಆಳ ಕೊರೆಯಬೇಕು ಅನ್ನುವುದಕ್ಕೆ ಗುರುತು ಸಿಕ್ಕಿತು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪಿನಲ್ಲಿ ಗೋಂದೇ ಇರುವುದಿಲ್ಲ. ನಲ್ಲಿ ತಿರುಗಿಸಿ ಬಿಗಿಮಾಡುವ ದಿಕ್ಕಿನಲ್ಲೇ ಸುತ್ತಬೇಕು, ಇಲ್ಲವಾದರೆ ಕೂರಿಸುವಾಗ ಬಿಚ್ಚಿಕೊಂಡು ಬರುತ್ತದೆ.

ಬಟ್ಟೆಗೆ ಮಾತ್ರ ಈ ಸ್ಟೀಲ್ ಟೇಪ್ ಆಗುವುದಿಲ್ಲ. ಮೈ ಸುತ್ತಳತೆಗೆ ದರ್ಜಿಯ ಮೆತ್ತನೆ ಟೇಪೇ ಬೇಕು. ಮನೆಗೆಲಸಕ್ಕೆ ಮಾತ್ರ ಅನ್ನುವವರು ಇದನ್ನೇ ಕೊಳ್ಳಿ, ಆದರೆ ಅಂಗಡಿಯಲ್ಲೇ ಕೊನೆತನಕ ಎಳೆದು ಲಾಕ್ ಹಾಕಿ ನೋಡಿ.