ಯುದ್ಧದ ಸುದ್ದಿಗೆ ಯಾವ ಬ್ಲಾಗರ್?

ಯುದ್ಧದ ಬಗ್ಗೆ ಬರೆಯುವ ಬ್ಲಾಗರ್‌ಗಳಲ್ಲಿ ಎರಡು ಜಾತಿ.

ಒಬ್ಬರು ಬಾಂಬ್ ಬೀಳುವ ಊರಲ್ಲೇ ಕೂತು ಬರೆಯುವವರು. 2003ರ ಇರಾಕ್ ಯುದ್ಧದಲ್ಲಿ ಬಾಗ್ದಾದಿನ ಸಲಾಮ್ ಪಾಕ್ಸ್ ಹೀಗೆ ಬರೆದರು. ಅದು ಬರೆಯಲು ಇಟ್ಟುಕೊಂಡ ಹೆಸರು. ಅರಬ್ಬಿಯ ‘ಸಲಾಮ್’, ಲ್ಯಾಟಿನ್ನಿನ ‘ಪಾಕ್ಸ್’ ಎರಡಕ್ಕೂ ಶಾಂತಿ ಅಂತಲೇ ಅರ್ಥ. ಜೋರ್ಡಾನಿನಲ್ಲಿದ್ದ ಗೆಳೆಯ ಈಮೇಲ್‌ಗೆ ಉತ್ತರ ಕೊಡುತ್ತಿರಲಿಲ್ಲ, ಅವನಿಗಾಗಿ ಶುರುವಾದ ಬ್ಲಾಗ್ ಅದು. ಅಮೆರಿಕದ ಸೇನೆಯ ಜೊತೆ ಹೋದ ನೂರಾರು ವರದಿಗಾರರಿಗೆ ಟ್ಯಾಂಕ್ ಕಂಡರೆ, ಇವರಿಗೆ ಮನೆ, ಅಂಗಡಿ, ಏರುವ ಬೆಲೆ ಕಂಡಿತು. ಆದರೆ ಇಂಟರ್ನೆಟ್ ಕಡಿದಾಗ ವಾರಗಟ್ಟಲೆ ಸದ್ದೇ ಇಲ್ಲ. ಪಕ್ಕದ ಊರಿನ ಕಥೆಯೂ ಸಿಗುವುದಿಲ್ಲ.

ಇನ್ನೊಬ್ಬರು ದೂರದಿಂದ ಜಾಲಾಡುವವರು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೂತ ಎಲಿಯಟ್ ಹಿಗಿನ್ಸ್ 2012ರಲ್ಲಿ ‘ಬ್ರೌನ್ ಮೋಸಸ್’ ಹೆಸರಲ್ಲಿ ಸಿರಿಯಾದ ಅಂತರ್ಯುದ್ಧದ ಬಗ್ಗೆ ಬರೆಯತೊಡಗಿದರು. ಅರಬ್ಬಿ ಬಾರದು, ಕೆಲಸವೂ ಇರಲಿಲ್ಲ! ಯೂಟ್ಯೂಬ್ ವಿಡಿಯೊ ನೋಡಿ ನೋಡಿಯೇ ಬಂಡುಕೋರರ ಕೈಯಲ್ಲಿದ್ದ ಯುಗೊಸ್ಲಾವಿಯಾ ಕಾಲದ ಆಯುಧಗಳನ್ನು 2013ರಲ್ಲಿ ಗುರುತಿಸಿದರು. ಅವು ಕ್ರೊಯೇಷಿಯಾದಿಂದ ಬಂದದ್ದು ಆಮೇಲೆ ದೊಡ್ಡ ಪತ್ರಿಕೆಗಳಲ್ಲೂ ಬಂತು. ಇಂಥವರ ಬರಹದಲ್ಲಾದರೆ ಅದೇ ವಿಡಿಯೊ ತೆರೆದು ನೀವೂ ಪರೀಕ್ಷಿಸಬಹುದು. ಭಯ, ಹಸಿವು ಮಾತ್ರ ಕಾಣುವುದು ಕಮ್ಮಿ.

‘ಹೊಡೆದದ್ದು ಯಾರು’ ಅಂತ ಜಗಳ ಇದ್ದರೆ ನಾನು ಎರಡನೆಯವರನ್ನೇ ನಂಬುತ್ತೇನೆ. ಜನ ಹೇಗಿದ್ದಾರೆ ಅನ್ನುವುದಕ್ಕೆ ಆ ಊರಿನವರೇ ಬೇಕು, ಅಲ್ವಾ?