ಪರ್ಮಿಷನ್ ಡಿನೈಡ್ ಬಂತು ಅಂತ 777 ಕೊಡಲು ಬಿಡಬೇಡಿ

"ಎಲ್ಲದಕ್ಕೂ 777 ಕೊಟ್ಟುಬಿಡಿ, ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಲಿನಕ್ಸ್ ಸರ್ವರಿನಲ್ಲಿ 777 ಅಂದರೆ ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು ಎಂಬ ಪರ್ಮಿಷನ್. ನಾನು ನೋಡಿಕೊಳ್ಳುವ ಸೈಟಿನಲ್ಲಿ ಹೋಸ್ಟಿಂಗ್ ಸಪೋರ್ಟಿನವರು ನನ್ನನ್ನು ಕೇಳದೆ ಮಾಡಿದ್ದು ಇದನ್ನೇ.

ತೊಂದರೆ ಚಿಕ್ಕದೇ ಇತ್ತು. ಫಾರ್ಮಿನಲ್ಲಿ ತುಂಬಿದ್ದನ್ನು ಫೈಲಿಗೆ ಬರೆಯುವ ಒಂದು ಪಿಎಚ್‌ಪಿ ಸ್ಕ್ರಿಪ್ಟ್, ಹೊಸ ಸರ್ವರಿಗೆ ಹೋದ ಮೇಲೆ ಫೈಲ್ ತೆರೆಯುವ ಎಫ್‌ಓಪನ್ ಸಾಲಿನಲ್ಲೇ "ಪರ್ಮಿಷನ್ ಡಿನೈಡ್" ಎಂದು ಮುಗ್ಗರಿಸುತ್ತಿತ್ತು. ಟಿಕೆಟ್ ಹಾಕಿದೆ. ಅವರು ಇಡೀ ಸೈಟಿಗೇ 777 ಹಾಕಿ, "ಈಗ ಬರೀತಿದೆ ನೋಡಿ" ಎಂದು ಟಿಕೆಟ್ ಮುಚ್ಚಿದರು. ಬರೀತಿತ್ತು, ನಿಜ. ಆ ಮಷೀನಿನಲ್ಲಿ ಇರುವ ಯಾರು ಬೇಕಾದರೂ ಬರೆಯಬಹುದಿತ್ತು!

ಕೆಲವು ವಾರ ಕಳೆದ ಮೇಲೆ, ಸರ್ಚ್ ಮಾಡಿ ಬಂದವರು ಮಾತ್ರ ಯಾವುದೋ ಮಾತ್ರೆ ಮಾರುವ ಸೈಟಿಗೆ ಹೋಗತೊಡಗಿದರು. ವಿಳಾಸ ಟೈಪ್ ಮಾಡಿ ಬಂದರೆ ಏನೂ ಆಗುತ್ತಿರಲಿಲ್ಲ. ಅದಕ್ಕೇ ಗೊತ್ತಾಗಲು ತಡವಾಯಿತು. ಇಂಡೆಕ್ಸ್ ಫೈಲ್ ತೆರೆದರೆ ಮೊದಲು ಏನೂ ಕಾಣಲಿಲ್ಲ. ಬಲಕ್ಕೆ ಸ್ಕ್ರಾಲ್ ಮಾಡಿದಾಗ, ಉದ್ದಕ್ಕೆ ಖಾಲಿ ಜಾಗ ಬಿಟ್ಟು, ಮೊದಲ ಸಾಲಿನ ತುದಿಯಲ್ಲಿ ಇವಾಲ್, ಬೇಸ್64 ಡಿಕೋಡ್ (ಮರೆಮಾಡಿದ ಕೋಡನ್ನು ಬಿಡಿಸಿ ಓಡಿಸುವ ಆದೇಶಗಳು) ಮತ್ತು ಅರ್ಥವಿಲ್ಲದ ಅಕ್ಷರಗಳ ರಾಶಿ ಸಿಕ್ಕಿತು. ಹ್ಯಾಕರುಗಳು ಒಂದು ಪ್ಲಗಿನ್‌ನ ತೂತಿನಿಂದ ನುಗ್ಗಿದ್ದರು. ಪರ್ಮಿಷನ್ ಸರಿ ಇದ್ದಿದ್ದರೆ ಅಪ್‌ಲೋಡ್ ಫೋಲ್ಡರಿನಲ್ಲೇ ನಿಲ್ಲುತ್ತಿದ್ದರು. 777 ಇದ್ದದ್ದರಿಂದ ಎಲ್ಲ ಪಿಎಚ್‌ಪಿ ಫೈಲೂ ಅವರ ಕೈಗೆ ಸಿಕ್ಕಿತು.

ಸ್ಕ್ರಿಪ್ಟಿಗೆ ಬರೆಯಲಾಗದ ಮೂಲ ಕಾರಣ ಏನು ಗೊತ್ತಾ? ಹೊಸ ಸರ್ವರಿಗೆ ಫೈಲುಗಳನ್ನು ಕಾಪಿ ಮಾಡಿದ್ದು ರೂಟ್ ಯೂಸರ್, ಅಂದರೆ ಸರ್ವರಿನ ಮುಖ್ಯ ಅಡ್ಮಿನ್. ಹಾಗಾಗಿ ಎಲ್ಲಕ್ಕೂ ರೂಟೇ ಒಡೆಯ. ಪಿಎಚ್‌ಪಿ ಓಡುತ್ತಿದ್ದದ್ದು ಬೇರೆ ಯೂಸರ್ ಹೆಸರಲ್ಲಿ; ಉಬುಂಟುವಿನಲ್ಲಿ ಸಾಮಾನ್ಯವಾಗಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಅದು ಓದಬಹುದು, ಬರೆಯುವಂತಿಲ್ಲ. ಬರೆಯಬೇಕಾದ ಆ ಒಂದು ಫೋಲ್ಡರಿನ ಒಡೆತನ ಬದಲಿಸಿದ್ದರೆ ಸಾಕಿತ್ತು. ಉಳಿದದ್ದಕ್ಕೆ ಫೋಲ್ಡರ್ 755, ಫೈಲ್ 644; ಎರಡರಲ್ಲೂ ಬರೆಯಬಲ್ಲವನು ಒಡೆಯ ಮಾತ್ರ.

ಒಡೆತನ ಸರಿಯಿದ್ದೂ ಬರೆಯದಿದ್ದರೆ ಮೇಲಿನ ಫೋಲ್ಡರುಗಳನ್ನೂ ನೋಡಿ. ದಾರಿಯಲ್ಲಿ ಒಂದಕ್ಕೆ ಎಕ್ಸಿಕ್ಯೂಟ್ ಪರ್ಮಿಷನ್ ಇಲ್ಲದಿದ್ದರೂ ಒಳಗೆ ಹೋಗಲಾಗುವುದಿಲ್ಲ. ನೇಮ್‌ಐ ಕಮಾಂಡಿಗೆ -ಎಲ್ ಕೊಟ್ಟರೆ ಇಡೀ ದಾರಿಯ ಒಡೆತನ, ಪರ್ಮಿಷನ್ ಒಂದೇ ಸಲ ಕಾಣುತ್ತದೆ. ರೆಡ್ ಹ್ಯಾಟ್ ಬಳಗದ ಸರ್ವರುಗಳಲ್ಲಿ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಕಾವಲು ವ್ಯವಸ್ಥೆ ತಡೆಯುತ್ತಿರಬಹುದು. ಅದು ತಡೆದರೆ 777 ಕೊಟ್ಟರೂ ಬರೆಯಲ್ಲ, ಸುಮ್ನೆ ಬಾಗಿಲು ತೆರೆದಿಟ್ಟ ಹಾಗೆ ಅಷ್ಟೇ.

ಈಗಾಗಲೇ ಯಾರೋ 777 ಹಾಕಿಟ್ಟಿದ್ದರೆ ಪರ್ಮಿಷನ್ ಸರಿಮಾಡಿ ಅಷ್ಟಕ್ಕೇ ಸುಮ್ಮನಾಗಬೇಡಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನೂ ಇಷ್ಟು ದಿನ ಆ ಮಷೀನಿನಲ್ಲಿ ಇರುವ ಯಾರು ಬೇಕಾದರೂ ಓದಬಹುದಿತ್ತು ಅಲ್ವಾ, ಆ ಪಾಸ್‌ವರ್ಡನ್ನೂ ಬದಲಿಸಿ.