ಪೇಪರ್ ಪಾಯಿಂಟ್ ತುದಿಯ ಬಿಳಿ ಪುಡಿ: ಅಲ್ಟ್ರಾಸಾನಿಕ್ ಟಿಪ್ ಬಳಸಿ ನೋಡಿದ ಮೇಲೆ

ರೂಟ್ ಕೆನಾಲ್ ಚಿಕಿತ್ಸೆಯ ನಡುವೆ, ಹಲ್ಲಿನ ಬೇರಿನ ನಾಳಕ್ಕೆ ಸೋಂಕು ತಗ್ಗಿಸುವ ಬಿಳಿ ಔಷಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುವುದು ನನ್ನಂಥ ದಂತವೈದ್ಯರಿಗೆ ನಿತ್ಯದ ಕೆಲಸ. ತುಂಬಲು ಎರಡು ನಿಮಿಷ ಸಾಕು. ಮುಂದಿನ ಸಲ ಅದನ್ನು ಹೊರತೆಗೆಯುವಾಗಲೇ ಪರದಾಟ. ವರ್ಷಗಟ್ಟಲೆ ನಾನೂ ಎಲ್ಲರ ಹಾಗೆ ಫೈಲ್ (ನಾಳ ಕೆರೆಯುವ ಸಪೂರ ಉಪಕರಣ) ಆಡಿಸಿ, ಸಿರಿಂಜಿನಿಂದ ಹೈಪೋ (ನಾಳ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಬಿಟ್ಟು, ಹೊರಬರುವ ದ್ರವ ತಿಳಿಯಾದರೆ ಸಾಕೆಂದು ಮುಗಿಸುತ್ತಿದ್ದೆ.

ಆರು ತಿಂಗಳ ಹಿಂದೆ ಅಲ್ಟ್ರಾಸಾನಿಕ್ ಇರಿಗೇಶನ್ ಟಿಪ್, ಅಂದರೆ ಅತಿವೇಗದಲ್ಲಿ ಕಂಪಿಸಿ ನಾಳದೊಳಗಿನ ದ್ರವವನ್ನು ಕಲಕುವ ಸಣ್ಣ ಕಡ್ಡಿ, ತರಿಸಿಕೊಂಡೆ. ಮೊದಲು ಬಳಸಿದ್ದು ಕೆಳದವಡೆಯ ಮೊದಲ ಮೋಲಾರ್‌ನಲ್ಲಿ (ದವಡೆ ಹಲ್ಲಿನಲ್ಲಿ). ಮುಂದಿನ ಬೇರಿನ ಎರಡೂ ನಾಳ ತೊಳೆದಾಗಿತ್ತು, ಮೈಕ್ರೋಸ್ಕೋಪ್‌ನಲ್ಲಿ ಗೋಡೆ ಚೊಕ್ಕಟವಾಗಿಯೇ ಕಾಣುತ್ತಿತ್ತು. ಟಿಪ್ ಇಳಿಸಿ ಪೆಡಲ್ ಒತ್ತಿದ ಕೂಡಲೇ ನಾಳದ ಬಾಯಿಂದ ಹಾಲು ಕಲಕಿದ ಹಾಗೆ ಬಿಳಿ ಎದ್ದುಬಂತು. ಎರಡು ನಾಳಗಳ ನಡುವಿನ ಕಿರುಸಂದಿನಲ್ಲಿ ಅದು ಅಷ್ಟು ಹೊತ್ತೂ ಅಡಗಿ ಕೂತಿತ್ತು. ಆ ಸಂದಿಗೆ ಫೈಲ್ ಹೋಗುವುದಿಲ್ಲ. ಸೂಜಿಯ ದ್ರವವೂ ಸೂಜಿತುದಿಯಿಂದ ಬಹಳ ಮುಂದೆ ಹೋಗದು. ಹಿಂದೆ ನಾನು ಮುಚ್ಚಿ ಕಳಿಸಿದ ಹಲ್ಲುಗಳೆಲ್ಲ ನೆನಪಾಗಿ ಕಳವಳವಾಯಿತು.

ಉಳಿದ ಔಷಧ ಸುಮ್ಮನಿರುವುದಿಲ್ಲ. ನಾಳ ಮುಚ್ಚುವಾಗ ಹಚ್ಚುವ ಅಂಟು, ಅಂದರೆ ಸೀಲರ್, ಡೆಂಟಿನ್‌ಗೆ (ನಾಳದ ಗೋಡೆಯ ಹಲ್ಲಿನ ಪದರಕ್ಕೆ) ಅಂಟದಂತೆ ಅಡ್ಡ ನಿಲ್ಲುತ್ತದೆ, ಜಿಂಕ್ ಆಕ್ಸೈಡ್ ಯೂಜಿನಾಲ್ ಸೀಲರ್ ಆದರೆ ಅದು ಗಟ್ಟಿಯಾಗುವ ರೀತಿಯನ್ನೇ ಕೆಡಿಸುತ್ತದೆ.

ಈಗ ನನ್ನ ಕ್ರಮ ಹೀಗಿದೆ. ಫೈಲ್ ಆಡಿಸಿ ಪೇಸ್ಟ್ ಸಡಿಲಿಸುತ್ತೇನೆ. ನಾಳದಲ್ಲಿ 17% ಇಡಿಟಿಎ ದ್ರಾವಣ ತುಂಬಿ, ಟಿಪ್ಪನ್ನು ನಾಳದ ತುದಿಗಿಂತ 1-2 ಮಿ.ಮೀ. ಮೇಲೇ ನಿಲ್ಲಿಸಿ 20 ಸೆಕೆಂಡ್ ಓಡಿಸುತ್ತೇನೆ. ಹೊಸ ದ್ರವ ತುಂಬಿ ಇನ್ನೆರಡು ಸಲ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವುದೇ ಅಪರೂಪ, ಹೈಪೋಗೂ ಬಗ್ಗುವುದಿಲ್ಲ. ಇಡಿಟಿಎ ಅದರ ಕ್ಯಾಲ್ಸಿಯಂ ಅನ್ನೇ ಹಿಡಿದೆಳೆಯುತ್ತದೆ. ಕೊನೆಗೆ ಪೇಪರ್ ಪಾಯಿಂಟ್ (ನಾಳ ಒಣಗಿಸುವ ಕಾಗದದ ಕಡ್ಡಿ) ಇಳಿಸಿ, ತುದಿಯನ್ನು ಕಪ್ಪು ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ) ಮೇಲೆ ಒರೆಸಿ ನೋಡುತ್ತೇನೆ. ಬಿಳಿ ಪುಡಿಯ ಗೆರೆ ಮೂಡಿದರೆ ಮತ್ತೆ ಮೊದಲಿನಿಂದ.

ಕೊರತೆಗಳೂ ಇವೆ. ಟಿಪ್ ಗೋಡೆಗೆ ತಾಗಿದರೆ ಅದರ ಕಂಪನ ಕುಗ್ಗುತ್ತದೆ, ಹಾಗಾಗಿ ಬಾಗಿದ ಬೇರಿನಲ್ಲಿ ಅಷ್ಟು ಲಾಭ ಸಿಗುವುದಿಲ್ಲ. ನನ್ನ ಮೊದಲ ಟಿಪ್ ಅಂಥದೊಂದು ಬಾಗಿನಲ್ಲೇ ಮುರಿಯಿತು. ಪುಣ್ಯಕ್ಕೆ ಮೇಲೆಯೇ ಮುರಿದಿದ್ದರಿಂದ ಚೂರನ್ನು ತೆಗೆಯಲಾಯಿತು. ಪವರ್ ಎಷ್ಟಿಡಬೇಕು ಎಂಬುದನ್ನು ಪೊಟ್ಟಣದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು, ಅದು ಸಣ್ಣಕ್ಷರದ ಮೂಲೆಯಲ್ಲಿತ್ತು. ಸದ್ದು ತುಸು ಕೀರಲು, ರೋಗಿಗೆ ಮೊದಲೇ ಹೇಳಿಬಿಟ್ಟರೆ ಬೆಚ್ಚಿಬೀಳುವುದಿಲ್ಲ.

ಪೂರ್ತಿ ಶುದ್ಧವಾಗುತ್ತದೆಯೇ? ಇಲ್ಲ. ಬೇರಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಯಾವ ವಿಧಾನದಲ್ಲೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಆದರೂ ಬರೀ ಸಿರಿಂಜಿಗೆ ಇನ್ನು ನಾನು ಮರಳುವುದಿಲ್ಲ. ಸಿಲಿಕೋನ್ ಎಣ್ಣೆಯಲ್ಲಿ ಕಲಸಿ ಬರುವ ಪೇಸ್ಟ್‌ಗಳು ಮಾತ್ರ ಈ ಟಿಪ್ಪಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಮತ್ತೆ ತೆರೆಯಬೇಕಾದ ಹಲ್ಲಿಗೆ ಅವನ್ನು ಹಾಕುವುದನ್ನೇ ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಸಲೈನ್‌ನಲ್ಲಿ (ಉಪ್ಪುನೀರಿನ ದ್ರಾವಣದಲ್ಲಿ) ನಾನೇ ಕಲಸಿಕೊಳ್ಳುತ್ತಿದ್ದೇನೆ.